ಹಡಗಿನ ಮರ ಹೌದು, 1797ರ ಮರವೂ ಹೌದಾ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಮಗಳ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಪಕ್ಕದ ಬೀದಿಯಲ್ಲಿ ಒಂದು ಮನೆಯ ಹಿರಿಯರು ತೀರಿಕೊಂಡು, ಮನೆಯವರು ಸಾಮಾನೆಲ್ಲ ಮಾರಾಟಕ್ಕೆ ಇಟ್ಟಿದ್ದರು. ಅಲ್ಲಿ 40 ಡಾಲರಿಗೆ ಒಂದು ಜೊತೆ ಬುಕ್ ಎಂಡ್, ಅಂದರೆ ಪುಸ್ತಕದ ಸಾಲು ಬೀಳದಂತೆ ಎರಡೂ ಬದಿಗೆ ಇಡುವ ಆನಿಕೆ, ಕೊಂಡೆ. ಕಪ್ಪಗಿನ ಮರ, ಮೇಲೆ ಪುಟ್ಟ ಹಿತ್ತಾಳೆ ಫಲಕ. ಕಾನ್‌ಸ್ಟಿಟ್ಯೂಷನ್ ಅನ್ನೋ ಹಳೇ ಯುದ್ಧನೌಕೆಯಿಂದ ತೆಗೆದ ಮರ ಅಂತ ಅದರಲ್ಲಿ ಬರೆದಿದೆ. ಅಳಿಯ ನೋಡಿ ನಕ್ಕರು. "ಅತ್ತೆ, ನಿಮಗೆ ಯಾರೋ ಟೋಪಿ ಹಾಕಿದ್ದಾರೆ" ಅಂದರು. ಇನ್ನೊಂದು ವಿಷಯ. ಜಾರ್ಜ್ ವಾಷಿಂಗ್ಟನ್ ಕಾಲದ ಮರದಿಂದ ಮಾಡಿದ್ದು ಅಂತ ಒಂದು ಪೆನ್ನು 300 ಡಾಲರಿಗೆ ಸಿಗುತ್ತಿದೆ. ಸರ್ಟಿಫಿಕೇಟ್ ಕೂಡ ಕೊಡುತ್ತಾರಂತೆ. ಮೊಮ್ಮಗನಿಗೆ ಕೊಡಿಸೋಣ ಅಂತ ಆಸೆ. ಇಂಥವನ್ನು ನಂಬಬಹುದಾ? ಮುಂದೆ ಇದಕ್ಕೆ ಬೆಲೆ ಬರುತ್ತದಾ?

ಉತ್ತರ: ನಿಮ್ಮ ಅಳಿಯ ಸ್ವಲ್ಪ ಬೇಗ ನಕ್ಕರು. ಆ ಹಡಗಿನಿಂದ ಕಿತ್ತ ಮರದಲ್ಲಿ ಬುಕ್ ಎಂಡ್, ಆಶ್‌ಟ್ರೇ, ಫೋಟೋ ಫ್ರೇಮ್ ಮಾಡಿ ಮಾರಿದ್ದು ನಿಜ. ಅದೇನು ಕದ್ದುಮುಚ್ಚಿ ನಡೆದ ವ್ಯಾಪಾರವೂ ಅಲ್ಲ. ಹಡಗನ್ನು ಉಳಿಸಲು ಹಣ ಕೂಡಿಸುವುದಕ್ಕೆ ಅಮೆರಿಕದ ನೌಕಾಪಡೆಯೇ ನಿಂತು ಮಾಡಿಸಿದ ಕೆಲಸ.

ಕಾನ್‌ಸ್ಟಿಟ್ಯೂಷನ್ ಬಾಸ್ಟನ್‌ನಲ್ಲಿ ನೀರಿಗಿಳಿದದ್ದು 1797ರ ಅಕ್ಟೋಬರ್‌ನಲ್ಲಿ. ಆಗ ದೇಶಕ್ಕೆ ಸ್ವಾತಂತ್ರ್ಯ ಘೋಷಣೆಯಾಗಿ ಇಪ್ಪತ್ತೊಂದು ವರ್ಷ. 1812ರ ಆಗಸ್ಟ್‌ನಲ್ಲಿ ಬ್ರಿಟಿಷರ ಗೆರಿಯರ್ ಅನ್ನೋ ಹಡಗಿನ ಜೊತೆ ಕಾದಾಟ ಆಯಿತು. ಗುಂಡುಗಳು ಇದರ ಪಕ್ಕಕ್ಕೆ ಬಡಿದು ಚೆಂಡಿನ ಹಾಗೆ ಚಿಮ್ಮಿ ಬಿದ್ದವಂತೆ. ಮೈ ಪೂರ್ತಿ ಓಕ್ ಮರದ್ದೇ ಆದರೂ ಅವತ್ತಿನಿಂದ 'ಓಲ್ಡ್ ಐರನ್‌ಸೈಡ್ಸ್', ಅಂದರೆ ಕಬ್ಬಿಣದ ಮೈಯವಳು, ಅನ್ನೋ ಅಡ್ಡಹೆಸರು ಅಂಟಿಕೊಂಡಿತು. 1920ರ ದಶಕದ ಹೊತ್ತಿಗೆ ಆ ಮೈ ಕೊಳೆತು ನೀರು ಒಸರುತ್ತಿತ್ತು. ಆಗ ದೇಶದ ಶಾಲಾ ಮಕ್ಕಳು ಪೆನ್ನಿ ಪೆನ್ನಿ ಕೂಡಿಸಿ ಸುಮಾರು ಒಂದೂವರೆ ಲಕ್ಷ ಡಾಲರ್ ಕೊಟ್ಟರು. ಒಟ್ಟು ಖರ್ಚು ಒಂಬತ್ತು ಲಕ್ಷ ಡಾಲರ್ ದಾಟಿತು. 1927ರಲ್ಲಿ ಡ್ರೈ ಡಾಕ್‌ಗೆ, ಅಂದರೆ ನೀರು ಬಸಿದು ಹಡಗು ರಿಪೇರಿ ಮಾಡುವ ಕಟ್ಟೆಗೆ, ಹೋದ ಹಡಗು ಮತ್ತೆ ಸೇವೆಗೆ ಬಂದದ್ದು 1931ರ ಜುಲೈನಲ್ಲಿ. ಆ ನಾಲ್ಕು ವರ್ಷ ಕಿತ್ತ ಮರ, ತಾಮ್ರದ ಬೋಲ್ಟ್ ಯಾವುದನ್ನೂ ಸುಮ್ನೆ ಎಸೆಯಲಿಲ್ಲ. ಅದರಲ್ಲೇ ಸ್ಮರಣಿಕೆ ಮಾಡಿ ಮಾರಿದರು. ನಿಮ್ಮ ಬುಕ್ ಎಂಡ್ ಆ ಸಂತೆಯಿಂದ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಹಾಗಂತ ಅದು 1797ರ ಮರ ಅಂತ ಮೊಮ್ಮಗನಿಗೆ ಈಗಲೇ ಹೇಳಬೇಡಿ.

ಇಂಥ ವಸ್ತು ಕೈಗೆ ಬಂದಾಗ ಎಲ್ಲರೂ ಎಡವುವುದು ಇಲ್ಲೇ. ಅಲ್ಲಿಂದ ಬಂದದ್ದು ಬೇರೆ, ಆಗಿನಿಂದ ಅಲ್ಲಿದ್ದದ್ದು ಬೇರೆ. ಮರದ ಹಡಗು ಅಂದರೆ ನೀರಿನಲ್ಲಿ ಇಟ್ಟ ಹಳೇ ತೊಟ್ಟಿಮನೆ ಅಂದುಕೊಳ್ಳಿ. ಯಾವಾಗಲೂ ಒಂದು ತೊಲೆ ಕೊಳೆಯುತ್ತಿರುತ್ತದೆ, ಒಂದು ಹಲಗೆ ಬದಲಾಗುತ್ತಿರುತ್ತದೆ. ಈ ಹಡಗಿಗೆ 1833ರಲ್ಲಿ ದೊಡ್ಡ ರಿಪೇರಿ ಆಯಿತು. 1870ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಇನ್ನೂ ದೊಡ್ಡದು. 1906-07ರಲ್ಲಿ ಮತ್ತೊಂದು. ಹೀಗಿರುವಾಗ 1927ರಲ್ಲಿ ಕಿತ್ತ ಹಲಗೆ ಯಾವ ಕಾಲದ್ದು? ಕಟ್ಟಿದ ದಿನದ್ದೂ ಇರಬಹುದು, 1874ರದ್ದೂ ಇರಬಹುದು. ಫಲಕ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. 'ಹಡಗಿನಿಂದ ತೆಗೆದದ್ದು' ಅನ್ನುತ್ತದೆ, ಅಷ್ಟೇ. ಅದು ಸುಳ್ಳೇನಲ್ಲ. ಓದುವವರು ಮನಸ್ಸಿನಲ್ಲೇ 1797 ಅಂತ ಸೇರಿಸಿಕೊಳ್ಳುತ್ತಾರೆ, ಅಲ್ವಾ? ಇವತ್ತು ಬಾಸ್ಟನ್‌ನಲ್ಲಿ ತೇಲುತ್ತಿರುವ ಹಡಗಿನಲ್ಲಿ ಕಟ್ಟಿದ ಕಾಲದ ಮರ ಉಳಿದಿರುವುದು ಹತ್ತು-ಹದಿನೈದು ಪ್ರತಿಶತ. ಅದೂ ಹೆಚ್ಚಾಗಿ ತಳದ ಅಡಿಮರದ ಸುತ್ತ. ಅದನ್ನು ಯಾರೂ ಬುಕ್ ಎಂಡ್ ಮಾಡಿಲ್ಲ, ಮಾಡಲೂ ಬಾರದು.

ಒಂದು ಸಣ್ಣ ಸುಳಿವು ಇದೆ. ಹಡಗಿನ ಪಕ್ಕೆಲುಬುಗಳಿಗೆ ದಕ್ಷಿಣದ ಜಾರ್ಜಿಯಾ ಕರಾವಳಿಯಿಂದ ತಂದ ಲೈವ್ ಓಕ್ ಹಾಕಿದ್ದರು. ಭಾರಿ ತೂಕದ ಮರ ಅದು. ಹೊರಗಿನ, ಒಳಗಿನ ಹಲಗೆಗಳಿಗೆ ವೈಟ್ ಓಕ್. ಬಿಸಿಲು ನೀರು ತಿನ್ನುವ ಹಲಗೆಗಳು ಜಾಸ್ತಿ ಸಲ ಬದಲಾಗಿವೆ. ಹಾಗಾಗಿ ನಿಮ್ಮದು ಲೈವ್ ಓಕ್ ಆಗಿದ್ದರೆ ನನಗೆ ಸ್ವಲ್ಪ ಹೆಚ್ಚು ಖುಷಿ. ಪುರಾವೆ ಅಂತ ಅಲ್ಲ, ಸುಮ್ನೆ ಖುಷಿ. ಯಾಕೆಂದರೆ ಅದಕ್ಕೂ ಒಂದು ಕೊಕ್ಕೆ ಇದೆ. ಫ್ಲಾರಿಡಾದ ಪೆನ್ಸಕೋಲಾದಲ್ಲಿ ನೌಕಾಪಡೆ ಎಷ್ಟೋ ದಶಕ ಹಿಂದೆ ಲೈವ್ ಓಕ್ ದಿಮ್ಮಿಗಳನ್ನು ಹಾಳಾಗದಿರಲಿ ಅಂತ ನೀರಿನಲ್ಲಿ ಮುಳುಗಿಸಿ ಇಟ್ಟಿತ್ತು. 1927ರ ರಿಪೇರಿಗೆ ಆ ದಿಮ್ಮಿಗಳನ್ನೇ ಎತ್ತಿ ತಂದರು. ಅಂದರೆ ಅದೇ ಅಂಗಳದಲ್ಲಿ, ಅದೇ ವರ್ಷ, ಹಡಗಿನಲ್ಲಿ ಒಂದು ದಿನವೂ ಇರದ ಹಳೇ ಲೈವ್ ಓಕ್ ಕೂಡ ಬಿದ್ದಿತ್ತು.

ಈ ಹಡಗಿನ ಮರದ ವಸ್ತುಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು 1833ರ ಕೈಗೋಲುಗಳ ಮೇಲೆ. ಗೆರಿಯರ್ ಜೊತೆ ಕಾದಾಡಿದಾಗ ಹಡಗಿನ ಕಪ್ತಾನನಾಗಿದ್ದ ಐಸಾಕ್ ಹಲ್, ಇಪ್ಪತ್ತೊಂದು ವರ್ಷದ ಮೇಲೆ ತಾನೇ ಬಂದು ಹಡಗನ್ನು ಡ್ರೈ ಡಾಕ್‌ಗೆ ನಡೆಸಿಕೊಟ್ಟ. ಕಿತ್ತ ಮರದಲ್ಲಿ ಕೈಗೋಲು ಮಾಡಿಸಿ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೂ ಇನ್ನು ಕೆಲವರಿಗೂ ಕೊಟ್ಟ. ಯಾರು ಕಿತ್ತರು, ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಲ್ಲವೂ ಗೊತ್ತು. ಮರಕ್ಕೂ ಆಗ ಹೆಚ್ಚೆಂದರೆ ಮೂವತ್ತಾರು ವರ್ಷದ ಸೇವೆ. ಮುಂದೆ 1837ರಲ್ಲಿ ನ್ಯೂಯಾರ್ಕಿನವರು ಅದೇ ಹಡಗಿನ ಮರದಿಂದ ಒಂದು ಕುದುರೆಗಾಡಿಯನ್ನೇ ಮಾಡಿಸಿ ಜಾಕ್ಸನ್‌ಗೆ ಕೊಟ್ಟರು. ಆಮೇಲೆ ಬೆಂಕಿಗೆ ಸಿಕ್ಕಿದ ಆ ಗಾಡಿಯಲ್ಲಿ ಉಳಿದದ್ದು ಇವತ್ತೂ ಟೆನೆಸಿಯಲ್ಲಿ ಜಾಕ್ಸನ್ ಮನೆಯಲ್ಲಿದೆ.

ದೇಶ ಹುಟ್ಟಿದ ಕಾಲದ ಮರ, ಕಲ್ಲು, ಬಟ್ಟೆಯ ಚೂರು ಮನೆಯಲ್ಲಿರಬೇಕು ಅನ್ನೋ ಹುಚ್ಚು ಈ ದೇಶಕ್ಕೆ ಮೊದಲಿಂದಲೂ ಇದೆ. ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾದ ಸ್ಥಾಪಕ ವಿಲಿಯಂ ಪೆನ್ ಸ್ಥಳೀಯ ಬುಡಕಟ್ಟಿನವರ ಜೊತೆ ಒಪ್ಪಂದ ಮಾಡಿಕೊಂಡ ಅಂತ ಹೇಳುವ ಎಲ್ಮ್ ಮರ 1810ರ ಬಿರುಗಾಳಿಗೆ ಬಿತ್ತು. ಬಿದ್ದದ್ದೇ ತಡ, ಪೆಟ್ಟಿಗೆ, ಕೈಗೋಲು, ಕುರ್ಚಿ ಆಗಿಹೋಯಿತು. ಅದೇ ಊರಿನ ಜಾನ್ ಫ್ಯಾನಿಂಗ್ ವಾಟ್ಸನ್ ಅನ್ನೋ ಇತಿಹಾಸಪ್ರೇಮಿ ಬೇರೆ ಬೇರೆ ಚಾರಿತ್ರಿಕ ಮರಗಳ ತುಂಡು ಜೋಡಿಸಿ ಪುಟ್ಟ ಪೆಟ್ಟಿಗೆಗಳನ್ನು ಮಾಡಿಸಿ ಗಣ್ಯರಿಗೆ ಕೊಡುತ್ತಿದ್ದ. 1620ರಲ್ಲಿ ಇಂಗ್ಲೆಂಡಿನ ವಲಸಿಗರು ಬಂದು ಕಾಲಿಟ್ಟದ್ದು ಅಂತ ಹೇಳುವ ಪ್ಲಿಮತ್‌ನ ಬಂಡೆಯನ್ನು ಸುತ್ತಿಗೆಯಿಂದ ಚೂರು ಚೂರು ಒಡೆದು ಒಯ್ದರು. 1835ರ ಹೊತ್ತಿಗೇ ಫ್ರಾನ್ಸಿನ ಲೇಖಕ ಟಾಕ್‌ವಿಲ್ ಆ ಚೂರುಗಳಿಗೆ ಬೇರೆ ಬೇರೆ ಊರುಗಳಲ್ಲಿ ಸಿಗುತ್ತಿದ್ದ ಮರ್ಯಾದೆ ನೋಡಿ ಬರೆದಿದ್ದಾನೆ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿದ್ದ ಚಾರ್ಟರ್ ಓಕ್, ವಸಾಹತಿನ ಹಕ್ಕುಪತ್ರವನ್ನು ಬಚ್ಚಿಟ್ಟಿದ್ದರು ಅಂತ ಹೇಳುವ ಮರ, 1856ರ ಆಗಸ್ಟ್‌ನಲ್ಲಿ ಉರುಳಿತು. ಆಮೇಲೆ ಆ ಊರು ನೋಡಿದ ಮಾರ್ಕ್ ಟ್ವೇನ್, ಅಲ್ಲಿ ಕಂಡ ಚಾರ್ಟರ್ ಓಕ್ ಸಾಮಾನಿನ ಪಟ್ಟಿ ಕೊಟ್ಟು, ಇದೆಲ್ಲ ಸೇರಿಸಿದರೆ ಹಾರ್ಟ್‌ಫರ್ಡ್‌ನಿಂದ ಸಾವಿರಾರು ಮೈಲಿ ಆಚೆಯ ಸಾಲ್ಟ್ ಲೇಕ್ ಸಿಟಿವರೆಗೆ ಹಲಗೆ ರಸ್ತೆ ಹಾಸಬಹುದು ಅಂತ ಗೇಲಿ ಮಾಡಿದ. ಒಂದು ಮರ, ಸಾವಿರ ಮರದಷ್ಟು ಸಾಮಾನು.

ಬಾವುಟದ ಕತೆ ಇನ್ನೂ ವಿಚಿತ್ರ. 1814ರಲ್ಲಿ ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಹಾರಿದ ಬಾವುಟ, ಅದೇ ಅವರ ರಾಷ್ಟ್ರಗೀತೆಗೆ ಕಾರಣವಾದದ್ದು, 42 ಅಡಿ ಉದ್ದ ಇತ್ತು. ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ನೋಡಿದರೆ 34 ಅಡಿ. ಕೋಟೆಯ ಸೇನಾಧಿಕಾರಿಯಾಗಿದ್ದ ಆರ್ಮಿಸ್ಟೆಡ್ ಮನೆತನದ ಹತ್ತಿರವೇ ಅದು ಇತ್ತು. ಕೇಳಿ ಬಂದವರಿಗೆ, ಮಡಿದ ಸೈನಿಕರ ಮನೆಯವರಿಗೆ ಕತ್ತರಿಸಿ ಕತ್ತರಿಸಿ ಕೊಟ್ಟರು. ಹದಿನೈದು ನಕ್ಷತ್ರದಲ್ಲಿ ಒಂದು ಪೂರ್ತಿ ನಾಪತ್ತೆ. ಕಳ್ಳರು ಹರಿದದ್ದಲ್ಲ ಅನ್ನೋದನ್ನು ಗಮನಿಸಿ. ಮಾಲೀಕರೇ ಪ್ರೀತಿಯಿಂದ ಕತ್ತರಿಸಿದ್ದು. ಹಾಗಾಗಿ ಆ ಬಾವುಟದ ಅಸಲಿ ಚೂರುಗಳು ಹೊರಗೆ ಇವೆ. ಕೊಟ್ಟಾಗ ಬರೆದ ಪತ್ರ ಜೊತೆಗಿದ್ದರೆ ಅದಕ್ಕೊಂದು ಬೆಲೆ, ಇಲ್ಲದಿದ್ದರೆ ಅದೊಂದು ಹಳೇ ಉಣ್ಣೆ ಚಿಂದಿ.

ಇನ್ನೊಂದು ಬಗೆ ಇದೆ. ಮರ ಅಸಲಿ, ಬಂದ ಜಾಗವೂ ಅಸಲಿ, ಕತೆಯೇ ಸಡಿಲ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ವಾಷಿಂಗ್ಟನ್ ಎಲ್ಮ್ ಅನ್ನೋ ಮರ ಇತ್ತು. 1775ರ ಜುಲೈ 3ರಂದು ವಾಷಿಂಗ್ಟನ್ ಇದರ ನೆರಳಲ್ಲಿ ನಿಂತು ಸೇನೆಯ ನಾಯಕತ್ವ ವಹಿಸಿಕೊಂಡ ಅಂತ ಎಲ್ಲರ ನಂಬಿಕೆ. 1923ರ ಅಕ್ಟೋಬರ್‌ನಲ್ಲಿ ನಗರದ ಕೆಲಸದವರು ಒಣಗಿದ ಕೊಂಬೆ ತೆಗೆಯಲು ಹೋಗಿ ಮರವನ್ನೇ ಕೆಡವಿಬಿಟ್ಟರು. ಅದನ್ನು ಸುಮಾರು ಸಾವಿರ ತುಂಡು ಮಾಡಿ ದೇಶವಿಡೀ ಹಂಚಿದರು. ಆಮೇಲೆ ಇತಿಹಾಸಕಾರರು ಹುಡುಕಿದರೆ, ಆ ಮರದಡಿ ಅಂಥ ಸಮಾರಂಭ ನಡೆದದ್ದಕ್ಕೆ ಆ ಕಾಲದ ಒಂದು ಸಾಲೂ ಸಿಗಲಿಲ್ಲ. ಇವತ್ತು ಆ ಮರದ ಗ್ಯಾವೆಲ್, ಅಂದರೆ ಸಭೆಯಲ್ಲಿ ಮೇಜು ಕುಟ್ಟುವ ಸುತ್ತಿಗೆ, ನಿಮಗೆ ಸಿಕ್ಕರೆ ಅದು ನಕಲಿ ಅಲ್ಲ. ಆದರೆ ಅದು 1775ರ ಸಾಕ್ಷಿ ಅನ್ನೋದಕ್ಕಿಂತ, 1923ರ ಜನ 1775ನ್ನು ಹೇಗೆ ನೆನೆಯುತ್ತಿದ್ದರು ಅನ್ನೋದಕ್ಕೆ ಸಾಕ್ಷಿ. ನನಗಂತೂ ಆ ಎರಡನೆಯದೂ ಇಷ್ಟ.

ಸರಿ, ಪರೀಕ್ಷೆ ಮಾಡಿಸಬಹುದಾ ಅಂತ ನೀವು ಕೇಳುತ್ತೀರಿ. ಮಾಡಿಸಬಹುದು, ಅದು ಹೇಳುವುದು ಕಮ್ಮಿ. ಮರದ ಜಾತಿ ಯಾವುದು ಅನ್ನೋದು ಸುಲಭ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಸರ್ಕಾರದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದೆ. ಅಮೆರಿಕದ ನಾಗರಿಕರಿಗೆ ಮರವನ್ನು ಉಚಿತವಾಗಿ ಗುರುತಿಸಿ ಕೊಡುತ್ತಿದ್ದರು. ಈಗಲೂ ಕೊಡುತ್ತಾರಾ, ಮಗಳ ಹೆಸರಿನಲ್ಲಿ ಕಳಿಸಬಹುದಾ ವಿಚಾರಿಸಿ. ಬುಕ್ ಎಂಡ್ ತಳದಲ್ಲಿ ಫೆಲ್ಟ್ ಬಟ್ಟೆ ಅಂಟಿಸಿದ್ದರೆ ಅದರಡಿಯಿಂದ ಒಂದು ಸಣ್ಣ ಚಕ್ಕೆ ಸಾಕು. ಓಕ್ ಅಲ್ಲ, ಮಹಾಗನಿ ಅಂತ ಬಂದರೆ ಅನುಮಾನ ಶುರು. ಓಕ್ ಅಂತ ಬಂದರೆ? ಜಗತ್ತಿನಲ್ಲಿ ಓಕ್‌ಗೆ ಬರವಿಲ್ಲ.

ವಯಸ್ಸು ಕಂಡುಹಿಡಿಯಲು ಒಳ್ಳೆಯ ದಾರಿ ಮರದ ಉಂಗುರ ಎಣಿಸುವುದು. ಬರೀ ಎಣಿಸುವುದಲ್ಲ, ಒಣ ವರ್ಷದ ಸಣ್ಣ ಉಂಗುರ, ಮಳೆ ವರ್ಷದ ದಪ್ಪ ಉಂಗುರ ಇವುಗಳ ಸಾಲನ್ನು ಗೊತ್ತಿರುವ ಮರದ ಸಾಲಿನ ಜೊತೆ ಹೊಂದಿಸುವುದು. 2010ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಜಾಗದಲ್ಲಿ ಅಗೆಯುವಾಗ ಒಂದು ಹಳೇ ಹಡಗಿನ ಅವಶೇಷ ಸಿಕ್ಕಿತು. ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ಉಂಗುರ ನೋಡಿದರೆ, ಸರಿಯಾಗಿ ಹೊಂದಿದ್ದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನ ತೊಲೆಗಳಿಗೆ! ಸ್ವಾತಂತ್ರ್ಯ ಘೋಷಣೆಗೆ ಸಹಿ ಬಿದ್ದ ಕಟ್ಟಡ ಅದು. ಹಡಗಿನ ಮರ ಕಡಿದದ್ದು 1773ರ ಆಸುಪಾಸು, ಫಿಲಡೆಲ್ಫಿಯಾದ ಸುತ್ತಿನ ಕಾಡಿನಲ್ಲಿ ಅಂತ ಗೊತ್ತಾಯಿತು. ಎಷ್ಟು ಚೆಂದ ಅಲ್ವಾ? ಆದರೆ ಅದಕ್ಕೆ ಹತ್ತಾರು ಉಂಗುರ ಇರುವ ದೊಡ್ಡ ತೊಲೆ ಬೇಕು. ಬುಕ್ ಎಂಡ್‌ನಲ್ಲಿ ಇರುವುದು ಕೆಲವೇ ಉಂಗುರ, ಪೆನ್ನಿನಲ್ಲಿ ಇನ್ನೂ ಕಮ್ಮಿ. ಕಾರ್ಬನ್ ಪರೀಕ್ಷೆಗೆ ದುಡ್ಡು ಹಾಕಲೇಬೇಡಿ. 1650ರಿಂದ ಈಚಿನ ಮುನ್ನೂರು ವರ್ಷದ ವಸ್ತುಗಳಲ್ಲಿ ಆ ಲೆಕ್ಕ ಏರುಪೇರಾಗಿ ಒಂದರ ಮೇಲೊಂದು ಬೀಳುತ್ತದೆ. 1770ರ ಮರವೋ 1870ರದ್ದೋ ಅಂತ ಅದು ಬಿಡಿಸಿ ಹೇಳುವುದಿಲ್ಲ. ನಮಗೆ ಬೇಕಾದದ್ದು ಅದೊಂದೇ.

ಕಣ್ಣಿನಿಂದ ನೋಡುವುದರಲ್ಲೂ ಮೋಸ ಹೋಗುವ ಜಾಗ ಇದೆ. ಹಳೇ ಓಕ್‌ನಲ್ಲಿ ಮೊಳೆ ತೂತಿನ ಸುತ್ತ ನೀಲಿಗಪ್ಪು ಕಲೆ ಇರುತ್ತದೆ. ಕಬ್ಬಿಣ ಮತ್ತು ಮರದ ಒಗರು ಸೇರಿ ಆಗುವ ಬಣ್ಣ. ಅದು ಒಳ್ಳೇ ಲಕ್ಷಣವೇ. ಆದರೆ ವಿನೆಗರ್‌ನಲ್ಲಿ ಕಬ್ಬಿಣದ ನಾರು ನೆನೆಸಿಟ್ಟು, ಆ ನೀರನ್ನು ಹೊಸ ಓಕ್‌ಗೆ ಬಳಿದರೆ ಒಂದು ಗಂಟೆಯೊಳಗೆ ಅದೇ ಬಣ್ಣ ಬರುತ್ತದೆ. ಮರಗೆಲಸದ ಹವ್ಯಾಸ ಇರುವ ಎಲ್ಲರಿಗೂ ಗೊತ್ತಿರುವ ಉಪಾಯ ಅದು.

ಫಲಕವನ್ನು ನಂಬುವ ಮುಂಚೆ ಅದರ ಅಂಚು ನೋಡಿ. ಎಷ್ಟೋ ವರ್ಷ ಒಂದೇ ಕಡೆ ಕೂತಿದ್ದರೆ ಸುತ್ತಲೂ ಕೊಳೆಯ ಗೆರೆ ಕಟ್ಟಿರುತ್ತದೆ. ಸ್ಕ್ರೂ ಗೀರುಗಳು ಹೊಸದಾಗಿ ಹೊಳೆಯಬಾರದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಫಲಕಗಳು ಊರು ಬಿಟ್ಟು ಊರಿಗೆ ಓಡಾಡುತ್ತವೆ. ಟ್ರೂಮನ್ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ಒಳಗನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದರು. ಹಳೇ ಇಟ್ಟಿಗೆ, ಕಲ್ಲು, ಪೈನ್ ಮರ, ಮೊಳೆ ಎಲ್ಲವನ್ನೂ ಕಿಟ್ ಮಾಡಿ ಜನರಿಗೆ ಮಾರಿದರು. ಅರ್ಧ ಡಾಲರಿನ ಪುಟ್ಟ ಚೂರಿನಿಂದ ಹಿಡಿದು, ಬೆಂಕಿಗೂಡು ಕಟ್ಟುವಷ್ಟು ಕಲ್ಲಿಗೆ 100 ಡಾಲರ್‌ವರೆಗೆ. ಜೊತೆಗೆ ಒಂದು ಪುಟ್ಟ ಫಲಕ. 1950ರಲ್ಲಿ ತೆಗೆದ ಶ್ವೇತಭವನದ ಅಸಲಿ ಸಾಮಗ್ರಿ ಅನ್ನೋ ಅರ್ಥದ ಬರಹ. ಫಲಕ ಇದ್ದಷ್ಟು ದಿನ ಮರ ಇರುತ್ತದಾ? ಮರ ಮುರಿಯುತ್ತದೆ, ಕಳೆಯುತ್ತದೆ, ಫಲಕ ಡ್ರಾಯರ್‌ನಲ್ಲಿ ಉಳಿಯುತ್ತದೆ. ನಾನೊಮ್ಮೆ ಹರಾಜಿಗೆ ಇಟ್ಟಿದ್ದ ಒಂದು ಗ್ಯಾವೆಲ್ ಕೈಗೆ ತೆಗೆದುಕೊಂಡೆ. ಫಲಕ ನೂರಕ್ಕೆ ನೂರು ಅಸಲಿ. ಅದರಡಿ ಇಣುಕಿದರೆ, ಬೇರೆ ಅಳತೆಯ ಇನ್ನೊಂದು ಫಲಕದ ಮೊಳೆ ತೂತು ಎರಡು! ಯಾವುದೋ ಕ್ಲಬ್ಬಿನ ಸುತ್ತಿಗೆಗೆ ಶ್ವೇತಭವನದ ಫಲಕ ಬಂದು ಕೂತಿತ್ತು. ಅಂದ ಹಾಗೆ, ಅಲ್ಲಿಯ 'ಅಸಲಿ' ಅನ್ನೋ ಮಾತಿಗೂ ಹಡಗಿನ ಕತೆಯೇ. 1814ರಲ್ಲಿ ಬ್ರಿಟಿಷರು ಆ ಮನೆಗೆ ಬೆಂಕಿ ಇಟ್ಟಿದ್ದರು. ಒಳಗಿನ ಮರ ಅದಕ್ಕಿಂತ ಹಳೆಯದು ಆಗಿರುವುದು ಕಷ್ಟ.

ಹಾಗಾದರೆ ನಂಬುವುದು ಏನನ್ನು? ವಸ್ತುವಿನ ಜಾತಕವನ್ನು. ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ದಾರಿಯನ್ನು. 2018ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ಗ್ರಂಥಾಲಯದಲ್ಲಿ 1793ರ ಪಂಚಾಂಗದಂಥ ಪುಸ್ತಕದೊಳಗೆ ಒಂದು ಲಕೋಟೆ ಸಿಕ್ಕ ಸುದ್ದಿ ಬಂತು. ಒಳಗೆ ದಾರ ಕಟ್ಟಿದ ಕೆಲವು ಬಿಳಿ ಕೂದಲು, ಮೇಲೆ 'ವಾಷಿಂಗ್ಟನ್ ಕೂದಲು' ಅಂತ ಬರಹ. ಜೇಮ್ಸ್ ಹ್ಯಾಮಿಲ್ಟನ್ ಕೊಟ್ಟದ್ದು, ಅವನಿಗೆ ಅವನ ತಾಯಿ ಕೊಟ್ಟದ್ದು, 1871 ಅಂತಲೂ ಬರೆದಿತ್ತು. ಆ ತಾಯಿ, ವಾಷಿಂಗ್ಟನ್ ಸರ್ಕಾರದ ಹಣಕಾಸು ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಹೆಂಡತಿ. ಪುಸ್ತಕ ಅವಳ ತವರು ಸ್ಕೈಲರ್ ಮನೆತನದ್ದು. ವಾಷಿಂಗ್ಟನ್‌ಗೆ ಎರಡೂ ಮನೆ ಹತ್ತಿರ. ಕೊಂಡಿ ಒಂದಕ್ಕೊಂದು ಹೇಗೆ ಕೂಡುತ್ತದೆ ನೋಡಿ. ಕೂದಲನ್ನು ಯಾವ ಯಂತ್ರಕ್ಕೆ ಹಾಕದೆಯೂ ತಜ್ಞರು ಗಂಭೀರವಾಗಿ ತೆಗೆದುಕೊಂಡದ್ದು ಈ ನಾಲ್ಕು ಸಾಲಿನಿಂದ.

ಈಗ ಪೆನ್ನಿಗೆ ಬರೋಣ. 2026ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಇಂಥ ಸರಕು ಸಂತೆಯಲ್ಲಿ ಜಾಸ್ತಿ ಆಗುವ ಕಾಲ. 'ವಾಷಿಂಗ್ಟನ್ ಕಾಲದ ಮರ' ಅನ್ನೋ ಮಾತಿನೊಳಗೆ ಮೂರ್ನಾಲ್ಕು ಬೇರೆ ಬೇರೆ ಸಂಗತಿ ಅಡಗಿರಬಹುದು. ಅವನ ಕಾಲದಲ್ಲಿ ನಿಂತಿದ್ದ ಮರವೇ ಬಿದ್ದಾಗ ಕೊಯ್ದದ್ದು ಒಂದು. ಅಂಥ ಮರದ ಬೀಜದಿಂದ ಬೆಳೆದ ಮಗ-ಮೊಮ್ಮಗ ಮರ ಇನ್ನೊಂದು. ಅವನ ಮೌಂಟ್ ವರ್ನನ್ ತೋಟದಲ್ಲಿ ನಿನ್ನೆ ಮೊನ್ನೆ ಬೆಳೆದು ಬಿದ್ದ ಮರ ಮತ್ತೊಂದು. ಕಡೆಯದು, ಮರದ ಪುಡಿಯನ್ನು ಚಿಟಿಕೆಯಷ್ಟು ಪ್ಲಾಸ್ಟಿಕ್ ಅಂಟಿಗೆ ಬೆರೆಸಿ ಎರಕ ಹೊಯ್ದದ್ದು. ನಾಲ್ಕಕ್ಕೂ ಒಂದೇ ಥರದ ಹೊಳೆಯುವ ಸರ್ಟಿಫಿಕೇಟ್ ಬರುತ್ತದೆ. ಸರ್ಟಿಫಿಕೇಟ್ ಹೊಸ ಕಾಯಿಲೆ ಅಲ್ಲ ಬಿಡಿ. 1850ರ ದಶಕದಲ್ಲೇ ಮೌಂಟ್ ವರ್ನನ್‌ನ ಆಗಿನ ಮಾಲೀಕ, ವಾಷಿಂಗ್ಟನ್ ವಂಶದವನೇ, ಅಲ್ಲಿಯ ಮರವನ್ನು ಒಬ್ಬ ವ್ಯಾಪಾರಿಗೆ ಕೊಟ್ಟಿದ್ದ. ಆ ವ್ಯಾಪಾರಿ ಕಾರ್ಖಾನೆ ಹಾಕಿ ಕೈಗೋಲು, ಫ್ರೇಮ್ ಮಾಡಿ ಸರ್ಟಿಫಿಕೇಟ್ ಸಮೇತ ಮಾರುತ್ತಿದ್ದ.

ಮಾರುವವರನ್ನು ನೇರವಾಗಿ ಕೇಳಿ. ಯಾವ ಜಾತಿಯ ಮರ, ಯಾವ ಜಾಗದಲ್ಲಿ ನಿಂತಿತ್ತು, ಯಾವ ದಿನ ಬಿತ್ತು, ಕೊಯ್ದವರು ಯಾರು, ಪೆನ್ನಿನಲ್ಲಿ ಅದರ ಪಾಲು ಎಷ್ಟು. ಅಸಲಿ ಮರಕ್ಕೆ ಈ ಉತ್ತರಗಳೆಲ್ಲ ಇರುತ್ತವೆ. ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿದ್ದ ಲಿಬರ್ಟಿ ಟ್ರೀ ನೋಡಿ, ಸ್ವಾತಂತ್ರ್ಯ ಹೋರಾಟಗಾರರು ಅದರಡಿ ಸೇರುತ್ತಿದ್ದರು ಅಂತ ಹೇಳುವ ಮರ. ಸೇಂಟ್ ಜಾನ್ಸ್ ಕಾಲೇಜಿನ ಅಂಗಳದ ಟ್ಯುಲಿಪ್ ಪಾಪ್ಲರ್ ಅದು. 1999ರಲ್ಲಿ ಫ್ಲಾಯ್ಡ್ ಚಂಡಮಾರುತಕ್ಕೆ ಸೀಳಿತು, ಅಕ್ಟೋಬರ್‌ನಲ್ಲಿ ಕಡಿದರು. ಅದರ ಮರದಿಂದ ಟೇಲರ್ ಕಂಪನಿ 400 ಗಿಟಾರ್ ಮಾಡಿತು. ಜಾತಿ, ಜಾಗ, ದಿನ, ಸಂಖ್ಯೆ ಎಲ್ಲ ಕೈಬೆರಳಲ್ಲಿ ಇದೆ. ನಿಮ್ಮ ಪೆನ್ನಿನವರು ಇದರ ಅರ್ಧ ಹೇಳಿದರೂ ಕೊಳ್ಳಿ. 'ನಮ್ಮ ಸರ್ಟಿಫಿಕೇಟ್ ಇದೆ' ಅಂತ ಮತ್ತೆ ಮತ್ತೆ ಹೇಳಿದರೆ ಆ 300 ಡಾಲರಿನಲ್ಲಿ ಮೊಮ್ಮಗನನ್ನು ಬಾಸ್ಟನ್‌ಗೆ ಕರೆದುಕೊಂಡು ಹೋಗಿ, ಹಡಗನ್ನೇ ತೋರಿಸಿ. ಹತ್ತಲು ಬಿಡುತ್ತಾರೆ, ಟಿಕೆಟ್ ಇಲ್ಲ.

ಒಂದೇ ಒಂದು ಎಚ್ಚರ, ಕಾನೂನಿನದು. ಸರ್ಕಾರದ ವಶದಲ್ಲಿರುವ ಹಳೇ ರಣರಂಗ, ರಾಷ್ಟ್ರೀಯ ಉದ್ಯಾನಗಳಲ್ಲಿ ಬಿದ್ದಿರುವ ಗುಂಡು, ಗುಂಡಿ, ಇಟ್ಟಿಗೆ ಎತ್ತಿಕೊಳ್ಳುವುದು ಅಪರಾಧ. 1906ರಿಂದಲೇ ಕಾನೂನಿದೆ, 1979ರಲ್ಲಿ ಇನ್ನೂ ಬಿಗಿ ಆಯಿತು. ಅಂಥದ್ದನ್ನು ಕೊಳ್ಳುವುದೂ ತೊಂದರೆಗೆ ದಾರಿ. ನಿಮ್ಮ ಬುಕ್ ಎಂಡ್‌ಗೆ ಇದು ಅನ್ವಯಿಸುವುದಿಲ್ಲ, ಅದನ್ನು ಸರ್ಕಾರವೇ ಮಾರಿದ್ದು.

ಬೆಲೆ ಬರುತ್ತದಾ ಅಂದಿರಿ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1927ರ ಸರಕು ಮಾಡಿದ್ದೇ ಊರಿಗೆಲ್ಲ ಹಂಚಲು. ಅದು ಅಪರೂಪ ಅಲ್ಲ. ಹೊಸ ಪೆನ್ನುಗಳಂತೂ ಅಂಗಡಿ ಬಾಗಿಲು ದಾಟಿದ ಕೂಡಲೇ ಬೆಲೆ ಇಳಿಯುವಂಥವು. ಆದರೂ 40 ಡಾಲರ್ ನೀವು ಕೊಟ್ಟದ್ದು ನ್ಯಾಯವಾಗಿದೆ. ನಾನಾಗಿದ್ದರೂ ಕೊಡುತ್ತಿದ್ದೆ.

ಇನ್ನು ನೀವು ಮಾಡಬೇಕಾದದ್ದು. ಆ ಹಿತ್ತಾಳೆ ಫಲಕಕ್ಕೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕೈ ತುರಿಸುತ್ತದೆ, ಗೊತ್ತು. ಮರಕ್ಕೆ ಎಣ್ಣೆ, ಪಾಲಿಶ್ ಯಾವುದೂ ಬೇಡ, ಒಣ ಬಟ್ಟೆ ಸಾಕು. ಫಲಕ ಬಿಚ್ಚಿ ನೋಡುವ ಕೆಲಸ ಅಳಿಯನಿಗೆ ಕೊಡಬೇಡಿ. ಒಂದು ಹಾಳೆಯಲ್ಲಿ ಯಾವ ದಿನ, ಯಾವ ಮನೆಯಿಂದ, ಎಷ್ಟಕ್ಕೆ ಕೊಂಡದ್ದು ಅಂತ ಬರೆದು ಬುಕ್ ಎಂಡ್ ಜೊತೆ ಇಡಿ. ಆಮೇಲೆ ಆ ಮನೆಗೆ ಇನ್ನೊಮ್ಮೆ ಹೋಗಿ. ತೀರಿಕೊಂಡವರ ತಂದೆಯೋ ತಾಯಿಯೋ 1920ರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದರಾ, ನೌಕಾಪಡೆಯಲ್ಲಿ ಯಾರಾದರೂ ಇದ್ದರಾ, ಜೊತೆಗೆ ಬಂದ ಹಳೇ ರಸೀದಿ, ಲಕೋಟೆ ಏನಾದರೂ ಡಬ್ಬದಲ್ಲಿ ಉಳಿದಿದೆಯಾ ಅಂತ ಕೇಳಿ. ಮಾರಾಟ ಮುಗಿದ ಮೇಲೆ ಕಾಗದಗಳೇ ಮೊದಲು ಕಸಕ್ಕೆ ಹೋಗುವುದು. ಈ ವಾರವೇ ಹೋಗಿ ಬನ್ನಿ.